ಸಹಾಯ ಬೇಕು: ಕೆಲಸ ಮಾಡದವರ ಹೆಸರು ಲೇಖಕರ ಪಟ್ಟಿಯಲ್ಲಿ

ಗುಂಪಿನ ಹಿರಿಯರಿಗೆ ನಮಸ್ಕಾರ. ನಾನು ರಾಯಚೂರಿನಲ್ಲಿ ಹತ್ತಿ ಬೆಳೆಯ ಕೀಟಗಳ ಕುರಿತು ಸಂಶೋಧನೆ ನಡೆಸುತ್ತಿದ್ದೇನೆ. ಎರಡು ಹಂಗಾಮು ಹೊಲ ತಿರುಗಿ ಕಲೆಹಾಕಿದ ಮಾಹಿತಿಯಿಂದ ಸಿದ್ಧಪಡಿಸಿದ ಲೇಖನವನ್ನು ನಿಯತಕಾಲಿಕೆಯೊಂದಕ್ಕೆ ಕಳುಹಿಸಿದ ಮೇಲೆ, ಒಂದು ಸಾಲನ್ನೂ ಬರೆಯದ, ಹೊಲವನ್ನೂ ನೋಡದ ಒಬ್ಬರ ಹೆಸರು ಎರಡನೇ ಲೇಖಕರ ಸ್ಥಾನದಲ್ಲಿ ಸೇರಿರುವುದು ತಿಳಿಯಿತು. (ನಮ್ಮಲ್ಲಿ ಇದಕ್ಕೆ ಗೌರವವೆಂದೇ ಹೆಸರು.) ಯುಜಿಸಿಯ 2018ರ ನಿಯಮಾವಳಿ ಮುಖ್ಯವಾಗಿ ಕೃತಿಚೌರ್ಯವನ್ನು ಕುರಿತದ್ದು, ಬೇರೆ ಬರಹಗಳೊಂದಿಗೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲವೆನ್ನುವ ಆ ನಿಯಮ ಇಲ್ಲಿ ನನ್ನ ನೆರವಿಗೆ ಬಾರದು. 1997ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ, ಸಂಶೋಧನಾ ಪ್ರಕಟಣೆಯ ನೈತಿಕತೆಗೆ ಸಂಬಂಧಿಸಿದ ಕೋಪ್ ಸಂಸ್ಥೆಯ ಮಾರ್ಗಸೂಚಿಯಂತೆ, ಪ್ರಕಟಣೆಗೆ ಮೊದಲು ಹೆಸರು ತೆಗೆಯಲು, ತೆಗೆಯಲಾಗುವವರೂ ಸೇರಿದಂತೆ ಎಲ್ಲ ಲೇಖಕರ ಲಿಖಿತ ಒಪ್ಪಿಗೆ ಬೇಕು. ಅವರು ಒಪ್ಪದಿದ್ದರೆ ಸಂಪಾದಕರಿಗೆ ನಾನೊಬ್ಬನೇ ಪತ್ರ ಬರೆಯಬಹುದೇ, ಅಥವಾ ಲೇಖನವನ್ನೇ ಹಿಂಪಡೆಯುವುದು ಮೇಲೇ? ಇಂಥ ಪತ್ರ ಬರೆದ ಅನುಭವವಿರುವವರು ದಯವಿಟ್ಟು ಅದರ ಒಕ್ಕಣೆಯನ್ನು ತಿಳಿಸಬೇಕು.