ಅಪ್‌ಡೇಟ್: ಕರ್ವೆ ರಸ್ತೆಯಲ್ಲಿ ಸೈಕಲ್, ಈಗ ಹೇಗಿದೆ

ಪುಣೆಯಲ್ಲಿ ಕೋಥರೂಡ್‌ನಿಂದ ಡೆಕ್ಕನ್‌ಗೆ ಸೈಕಲ್‌ನಲ್ಲಿ ಹೋಗೋಕೆ ಭಯ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಈಗ ಹೋಗುತ್ತಿದ್ದೇನೆ. ನಿಂತ ಕಾರುಗಳಿಂದ ಒಂದು ಮೀಟರ್ ದೂರ ಇರಿ ಅಂದಿದ್ದಿರಲ್ಲ, ಜಾಸ್ತಿ ಕೆಲಸಕ್ಕೆ ಬಂದಿದ್ದು ಅದೇ. ಯಾರಾದರೂ ಫಟ್ಟನೆ ಬಾಗಿಲು ತೆಗೆದರೂ ತಾಗುವುದಿಲ್ಲ, ಹಿಂದೆ ಬರುವವರಿಗೂ ನಾನು ಚೆನ್ನಾಗಿ ಕಾಣುತ್ತೇನೆ. ಸ್ಟಾಪಿನಲ್ಲಿ ಬಸ್ ನಿಂತಿದ್ದರೆ ಎಡಗಡೆಯಿಂದ ನುಗ್ಗುವುದಿಲ್ಲ, ಸುಮ್ನೆ ಹಿಂದೆ ಕಾಯುತ್ತೇನೆ. ಒಂದು ಕೈ ಬಿಟ್ಟು ಸಿಗ್ನಲ್ ಕೊಡುವುದು, ತಲೆ ತಿರುಗಿಸಿ ಹಿಂದೆ ನೋಡುವುದು, ಎರಡನ್ನೂ ನಮ್ಮ ಸೊಸೈಟಿ ಒಳಗೇ ಕಲಿತೆ. ದಾರಿಯಲ್ಲಿ ಸಿಗುವ ನಳ್ ಸ್ಟಾಪ್ ಸರ್ಕಲ್‌ನಲ್ಲಿ ಬಲಕ್ಕೆ ಹೋಗಬೇಕಾದರೆ ಮಾತ್ರ ಇಳಿದು, ಜೀಬ್ರಾ ಕ್ರಾಸಿಂಗ್‌ನಲ್ಲಿ ಸೈಕಲ್ ತಳ್ಳಿಕೊಂಡೇ ದಾಟುತ್ತೇನೆ. ನಗುವವರು ನಗಲಿ! ಇನ್ನು ಮಳೆಗಾಲ. ರಿಮ್ ಒದ್ದೆಯಾದರೆ ಬ್ರೇಕ್ ತಡವಾಗಿ ಹಿಡಿಯುತ್ತೆ, ಅದಕ್ಕೆ ನೀವೆಲ್ಲ ಏನು ಮಾಡುತ್ತೀರಿ?