ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್: ಬೆಳಗಾವಿಯಿಂದ ಹೊರಟ ಆರು ಜನರಿಗೆ ಸಲಹೆ ಬೇಕು

ಕುಂದಾನಗರಿ (ಬೆಳಗಾವಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬರುವ ಚಳಿಗಾಲದಲ್ಲಿ ನಮ್ಮ ಮನೆಯ ಆರು ಜನ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್ ಮಾಡಿ ಬರಬೇಕೆಂದು ನಿಶ್ಚಯಿಸಿದ್ದೇವೆ. ನಾನು, ನನ್ನ ಪತ್ನಿ, 13 ಮತ್ತು 9 ವರ್ಷದ ಇಬ್ಬರು ಮಕ್ಕಳು, ನನ್ನ ತಮ್ಮ ಹಾಗೂ 68 ವರ್ಷದ ನಮ್ಮ ಅವ್ವ. ನಮ್ಮಲ್ಲಿ ಯಾರೂ ಇದುವರೆಗೆ ಹಿಮವನ್ನು ಕಣ್ಣಾರೆ ಕಂಡವರಲ್ಲ. ನಮಗೆ ಗೊತ್ತಿರುವ ಥಂಡಿ ಎಂದರೆ ಡಿಸೆಂಬರಿನ ಮುಂಜಾನೆ ಮಫ್ಲರ್ ಸುತ್ತಿಕೊಂಡು ಕೋಟೆ ಕೆರೆಯ ದಂಡೆಯಲ್ಲಿ ನಡೆಯುವಾಗಿನ ಥಂಡಿ, ಅಷ್ಟೇ.

ಇಲ್ಲಿಯ ಒಬ್ಬ ಟ್ರಾವೆಲ್ ಏಜೆಂಟರು ಡಿಸೆಂಬರ್ 22ರಿಂದ 28ರವರೆಗೆ ಒಂದು ಪ್ಯಾಕೇಜ್ ಕೊಟ್ಟಿದ್ದಾರೆ. ಶ್ರೀನಗರದ ದೋಣಿಮನೆಯಲ್ಲಿ ಎರಡು ರಾತ್ರಿ, ಗುಲ್ಮಾರ್ಗ್‌ನಲ್ಲಿ ಒಂದು ರಾತ್ರಿ, ಪಹಲ್ಗಾಮ್‌ನಲ್ಲಿ ಎರಡು ರಾತ್ರಿ, ಮರಳಿ ಶ್ರೀನಗರದಲ್ಲಿ ಒಂದು ರಾತ್ರಿ. ಸ್ಕೀಯಿಂಗ್‌ಗೆ ಅರ್ಧ ದಿನ ಇಟ್ಟಿದ್ದಾರೆ. ನನ್ನ ತಮ್ಮನಿಗಂತೂ ಅಲ್ಲಿಯ ಗೊಂಡೋಲಾದ (ಕೇಬಲ್ ಕಾರ್) ತುತ್ತತುದಿಗೆ ಹೋಗಿ ಅಲ್ಲಿಂದಲೇ ಸ್ಕೀ ಮಾಡುತ್ತ ಇಳಿಯಬೇಕೆಂಬ ಹಟ. ಅರ್ಧ ದಿನ ಸಾಕಾಗುತ್ತದೆಯೇ, ಈ ದಿನಾಂಕಗಳು ಸರಿಯೇ, ಅವ್ವನನ್ನು ಕರೆದೊಯ್ಯುವುದು ಉಚಿತವೇ, ಸ್ಕೀ ಮತ್ತು ಬಟ್ಟೆಗಳನ್ನು ಇಲ್ಲಿಂದಲೇ ಕೊಂಡು ಹೋಗಬೇಕೇ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು. ಉತ್ತರಾಖಂಡದ ಔಲಿ ಇನ್ನೂ ಅಗ್ಗವಾಗುತ್ತದೆ ಎಂದು ಒಬ್ಬರು ಹೇಳಿದರು. ಅದರ ಬಗ್ಗೆಯೂ ಗೊತ್ತಿದ್ದವರು ಬರೆಯಿರಿ.

ನಿವೃತ್ತ ಸುಬೇದಾರ (ಸವದತ್ತಿ) ಬರೆದದ್ದು:

ಕುಂದಾನಗರಿಯವರೇ, ಸೇನೆಯಲ್ಲಿದ್ದಾಗ ನಾನು ಎರಡು ಚಳಿಗಾಲ ಬಾರಾಮುಲ್ಲಾ ಜಿಲ್ಲೆಯಲ್ಲಿದ್ದೆ. ಗುಲ್ಮಾರ್ಗ್ ಇರುವುದೂ ಅದೇ ಜಿಲ್ಲೆಯಲ್ಲಿ. ಸ್ಕೀ ಕಟ್ಟಿಕೊಂಡು ನಿಲ್ಲುವುದನ್ನು, ಬೀಳುವುದನ್ನು, ಬಿದ್ದ ಮೇಲೆ ಏಳುವುದನ್ನು ನಾನು ಕಲಿತದ್ದು ಅಲ್ಲಿಯೇ. ಹೀಗಾಗಿ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ನಿಮ್ಮ ಏಜೆಂಟರು ಕೊಟ್ಟಿರುವುದು ಕಾಶ್ಮೀರ ದರ್ಶನವೇ ಹೊರತು ಸ್ಕೀಯಿಂಗ್ ಪ್ರವಾಸವಲ್ಲ.

ಅರ್ಧ ದಿನದಲ್ಲಿ ಏನಾಗುತ್ತದೆ ಎಂಬುದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಸ್ಕೀ ಬೂಟು ನಮ್ಮ ಕಾಲಿಗೆ ಪರಿಚಯವಿರುವ ಯಾವ ಪಾದರಕ್ಷೆಯ ಹಾಗೂ ಇರುವುದಿಲ್ಲ. ಹೊರಗಡೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ, ಮೇಲೆ ನಾಲ್ಕು ಬಕಲ್ಲು. ಚಳಿ ಎಂದು ಎರಡು ಕಾಲುಚೀಲ ಹಾಕಿಕೊಂಡಿರೋ, ಅವು ಒಳಗೆ ಮಡಚಿಕೊಂಡು ಒಂದೇ ತಾಸಿನಲ್ಲಿ ಬೊಬ್ಬೆ ಏಳುತ್ತವೆ. ಮೊಣಕಾಲ ಹತ್ತಿರ ಬರುವಂಥ ತೆಳುವಾದ ಒಂದೇ ಜೋಡಿ ಸಾಕು. ಕಾಲು ತೂರಿಸಿದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂಡಿಸಬೇಕು, ಆಮೇಲೆ ಬಕಲ್ ಬಿಗಿಯಬೇಕು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮೊಣಕಾಲು ಬಗ್ಗಿಸಿದ ಕೂಡಲೇ ಅದು ಹಿಂದೆ ಸರಿಯಬೇಕು. ಹಾಗಾಗದಿದ್ದರೆ ಬೂಟಿನ ಅಳತೆ ತಪ್ಪಾಗಿದೆ ಎಂದು ತಿಳಿದು ಸಂಕೋಚವಿಲ್ಲದೆ ಬದಲಿಸಿಕೊಳ್ಳಿ. ಬಾಡಿಗೆಯ ಅಂಗಡಿಯಲ್ಲಿ ನಿಮ್ಮ ತೂಕ ಕೇಳಿದರೆ ಖರೇ ತೂಕವನ್ನೇ ಹೇಳಿ. ಬಿದ್ದಾಗ ಬೂಟಿನಿಂದ ಸ್ಕೀ ತಾನಾಗಿ ಕಳಚಿಕೊಳ್ಳಬೇಕು. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯ, ಅಂದರೆ ಬೈಂಡಿಂಗ್‌ನ, ಬಿಗಿತವನ್ನು ತೂಕ, ಎತ್ತರ, ವಯಸ್ಸು ಹಾಗೂ ಅನುಭವ ನೋಡಿಯೇ ಹೊಂದಿಸುತ್ತಾರೆ. ಆರು ಜನರಿಗೆ ಇಷ್ಟು ಮುಗಿಯುವಷ್ಟರಲ್ಲಿ ನಿಮ್ಮ ಅರ್ಧ ದಿನದ ಅರ್ಧ ಹೋಗಿರುತ್ತದೆ.

ನನ್ನ ಲೆಕ್ಕದಲ್ಲಿ ಕಲಿಕೆಗೆಂದೇ ಐದು ದಿನ ಇಡಬೇಕು. ಗಾಲ್ಫ್ ಮೈದಾನದ ಆಸುಪಾಸಿನಲ್ಲಿ ಹೊಸಬರಿಗೆ ತಕ್ಕ ಇಳಿಜಾರುಗಳಿವೆ; ಮೊದಲನೆಯ ದಿನ ಅಲ್ಲಿ ಬೀಳುವುದೇ ಕೆಲಸ. ಎರಡನೆಯ ದಿನಕ್ಕೆ ಸ್ಕೀಗಳ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂಬದಿಯನ್ನು ಅಗಲಿಸಿ ನಿಲ್ಲುವುದು ಬರುತ್ತದೆ. ಇದಕ್ಕೆ ಸ್ನೋ ಪ್ಲೌ ಎನ್ನುತ್ತಾರೆ, ಅಂದರೆ ಹಿಮದ ರಂಟೆ. ನಿಲ್ಲುವುದು ಬಂದ ಮೇಲೆಯೇ ತಿರುಗುವುದು, ತಿರುಗುವುದು ಬಂದ ಮೇಲೆಯೇ ಮೇಲಕ್ಕೆ ಹೋಗುವ ಮಾತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟನೀರಿಂಗ್ ಗುಲ್ಮಾರ್ಗ್‌ನಲ್ಲಿಯೇ ಇದೆ. ಅಲ್ಲಿಯ ತರಬೇತಿ ಶಿಬಿರಕ್ಕೆ ನಿಮ್ಮ ತಮ್ಮನನ್ನು ಸೇರಿಸಲು ಸಾಧ್ಯವಾದರೆ ಒಳ್ಳೆಯದು. ಉಳಿದವರಿಗೆ ಖಾಸಗಿ ಶಿಕ್ಷಕರು ಸಿಗುತ್ತಾರೆ.

ಇನ್ನು ತಮ್ಮನ ಹಟದ ವಿಚಾರ. ಗುಲ್ಮಾರ್ಗ್ ಊರು ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾದ ಮೊದಲ ಹಂತ ಸುಮಾರು 3,080 ಮೀಟರಿನ ಕೊಂಗ್‌ಡೂರಿಗೆ ಒಯ್ಯುತ್ತದೆ. 2005ರಲ್ಲಿ ಆರಂಭವಾದ ಎರಡನೆಯ ಹಂತ ಅಫರ್‌ವತ್ ಪರ್ವತದ ಭುಜಕ್ಕೆ, ಹತ್ತಿರ ಹತ್ತಿರ 3,950 ಮೀಟರಿಗೆ ಮುಟ್ಟಿಸುತ್ತದೆ. ಯುರೋಪಿನ ದೊಡ್ಡ ರೆಸಾರ್ಟುಗಳಲ್ಲಿ ಯಂತ್ರದಿಂದ ಸಮ ಮಾಡಿ, ಸುಲಭದಿಂದ ಕಠಿಣದವರೆಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಗುರುತು ಹಾಕಿದ ದಾರಿಗಳಿರುತ್ತವೆ. ಅಫರ್‌ವತ್‌ನ ಮೇಲ್ಭಾಗ ಹಾಗಲ್ಲ. ಅಲ್ಲಿರುವುದು ಬಿದ್ದಲ್ಲಿಯೇ ಬಿದ್ದಿರುವ ಪುಡಿಹಿಮ. ಅದಕ್ಕಾಗಿಯೇ ಜಗತ್ತಿನ ನುರಿತ ಸ್ಕೀಗಾರರು ಅಲ್ಲಿಗೆ ಬರುತ್ತಾರೆ, ಅದಕ್ಕಾಗಿಯೇ ಹೊಸಬರು ಅಲ್ಲಿ ಕಾಲಿಡಬಾರದು. ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಗೊಂಡೋಲಾದ ಕೆಳಗಿನ ಬಟ್ಟಲಿನಂಥ ಭಾಗವನ್ನು ಸ್ಕೀ ಪ್ಯಾಟ್ರೋಲ್ ಎಂಬ ಕಾವಲು ತಂಡದವರು ಕಾಯುತ್ತಾರೆ. ಅದರ ಗಡಿ ದಾಟಿದ ಮೇಲೆ ನಿಮ್ಮ ಜೀವಕ್ಕೆ ನೀವೇ ಜವಾಬ್ದಾರರು. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಅಲ್ಲಿಯ ಹಿಮಕುಸಿತದಲ್ಲಿ ತೀರಿಕೊಂಡರು, ಮತ್ತು ಅವರು ಸ್ಕೀಯಿಂಗ್ ಬಲ್ಲವರಾಗಿದ್ದರು. ನಿಮ್ಮ ತಮ್ಮ ಗೊಂಡೋಲಾದಲ್ಲಿ ಮೇಲೆ ಹೋಗಿ, ನೋಡಿ, ಗೊಂಡೋಲಾದಲ್ಲಿಯೇ ಇಳಿದು ಬರಲಿ.

ಔಲಿಯ ಇಳಿಜಾರುಗಳು ಹೊಸಬರಿಗೆ ಚೆನ್ನಾಗಿವೆ. ಆದರೆ 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಕುಸಿಯತೊಡಗಿದಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇಯನ್ನು ನಿಲ್ಲಿಸಿದರು. ಅದೂ ಅಲ್ಲದೆ ಋಷಿಕೇಶದಿಂದ ಸುಮಾರು 250 ಕಿಲೋಮೀಟರ್ ಘಟ್ಟದ ರಸ್ತೆ. ಅವ್ವನವರು ಜೊತೆಯಲ್ಲಿದ್ದಾರೆ ಎಂದರೆ ನಾನು ಗುಲ್ಮಾರ್ಗ್ ಎಂದೇ ಹೇಳುತ್ತೇನೆ. ಪಹಲ್ಗಾಮ್ ಬಿಡಿ, ಶ್ರೀನಗರದ ರಾತ್ರಿಗಳನ್ನೂ ಕಡಿಮೆ ಮಾಡಿ.

ಗುಮ್ಮಟದ ನೆರಳು (ವಿಜಯಪುರ) ಬರೆದದ್ದು:

ಸುಬೇದಾರರು ಹೇಳಿದ್ದಕ್ಕೆ ದಿನಾಂಕದ ಬಗ್ಗೆ ನನ್ನದೊಂದು ಮಾತು ಸೇರಿಸುತ್ತೇನೆ, ಏಕೆಂದರೆ ಆ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡವನು.

2024ರ ಸಂಕ್ರಮಣ ಮುಗಿಸಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಾವು ನಾಲ್ವರು ಗುಲ್ಮಾರ್ಗ್‌ಗೆ ಹೋದೆವು. ಜನವರಿ ನಡುವಿನ ಗುಲ್ಮಾರ್ಗ್ ಎಂದರೆ ಎದೆಮಟ್ಟ ಹಿಮ ಎಂದು ತಿಳಿದು ಹೋದವರಿಗೆ ಅಲ್ಲಿ ಕಂಡದ್ದು ಸುಗ್ಗಿ ಮುಗಿದ ನಮ್ಮ ಹೊಲದಂಥ ಕಂದು ಹುಲ್ಲು. ಆ ವರ್ಷ ಜನವರಿಯ ಕೊನೆಯವರೆಗೂ ಅಲ್ಲಿ ಹೇಳಿಕೊಳ್ಳುವಂಥ ಹಿಮವೇ ಬೀಳಲಿಲ್ಲ. ನಾವು ಮರಳಿ ಬಂದ ಮೇಲೆ ಬಿತ್ತು; ಫೆಬ್ರವರಿಯಲ್ಲಿ ಅದೇ ಇಳಿಜಾರುಗಳ ಮೇಲೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆದದ್ದನ್ನು ನಾನು ಮನೆಯಲ್ಲಿ ಕುಳಿತು ಟಿ.ವಿ.ಯಲ್ಲಿ ನೋಡಿದೆ. ಮರುವರ್ಷ, 2025ರಲ್ಲಿ, ಫೆಬ್ರವರಿಯ ಆ ಕ್ರೀಡಾಕೂಟವನ್ನೇ ಹಿಮವಿಲ್ಲವೆಂದು ಮಾರ್ಚಿಗೆ ಮುಂದೂಡಬೇಕಾಯಿತು. ಮಳೆ ಕೈಕೊಡುವುದು ನಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ, ಆದರೆ ಹಿಮವೂ ಹಾಗೆಯೇ ಕೈಕೊಡುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನಮಗೆ ಮುಂಗಾರು ಮಾರುತ ಹೇಗೋ ಕಾಶ್ಮೀರದ ಹಿಮಕ್ಕೆ ಮೆಡಿಟರೇನಿಯನ್ ಕಡೆಯಿಂದ ಬರುವ ತೇವದ ಗಾಳಿ ಹಾಗೆ.

ನಮ್ಮ ಏಜೆಂಟರು ಹೋಟೆಲಿನ ಪೂರ್ತಿ ಹಣವನ್ನು ಮೊದಲೇ ಕಟ್ಟಿಸಿಕೊಂಡಿದ್ದರು. ದಿನಾಂಕ ಬದಲಿಸಲು ಕೇಳಿದರೆ, ‘ಹಿಮ ಬೀಳಿಸುವುದು ನಮ್ಮ ಕೈಯಲ್ಲಿದೆಯೇನ್ರಿ?’ ಎಂದರು. ಮಾತು ಸುಳ್ಳಲ್ಲ, ಆದರೆ ಹಣವೂ ಬರಲಿಲ್ಲ. ಹೀಗಾಗಿ ನೀವು ಕೋಣೆ ಕಾಯ್ದಿರಿಸುವಾಗ ಎಷ್ಟು ದಿನ ಮೊದಲು ರದ್ದು ಮಾಡಿದರೆ ಎಷ್ಟು ಹಣ ಮರಳಿ ಬರುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಡಿಸೆಂಬರ್ 21ಕ್ಕೆ ಕಾಶ್ಮೀರದಲ್ಲಿ ಚಿಲ್ಲಾಯಿ ಕಲಾನ್ ಎಂಬ ಕಡುಚಳಿಯ ನಲವತ್ತು ದಿನಗಳು ಆರಂಭವಾಗುತ್ತವೆ. ನೀವು ಹೊರಟಿರುವುದು ಅದರ ಬಾಗಿಲಿನಲ್ಲಿ, ಅಂದರೆ ಚಳಿ ಖಚಿತ, ಹಿಮ ಖಚಿತವಲ್ಲ. ಕ್ರಿಸ್‌ಮಸ್ ಗದ್ದಲದಲ್ಲಿ ದರವೂ ಏರಿರುತ್ತದೆ. ಜನವರಿಯ ಕೊನೆಯ ವಾರದಿಂದ ಫೆಬ್ರವರಿ ಮುಗಿಯುವವರೆಗೆ ಹೋಗುವುದು ಮೇಲು.

ಎರಡು ಸಣ್ಣ ವಿಷಯಗಳು. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. ಹಿಮ ಬಿದ್ದಾಗ ಟಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ವರೆಗಿನ ಸುಮಾರು 13 ಕಿಲೋಮೀಟರ್ ಏರುದಾರಿಯಲ್ಲಿ ಗಾಲಿಗೆ ಸರಪಳಿ ಬಿಗಿದ ಗಾಡಿಗಳೇ ಬೇಕು, ಆದ್ದರಿಂದ ಶ್ರೀನಗರದ ಟ್ಯಾಕ್ಸಿಯವರು ಮೇಲಿನವರೆಗೆ ಬರುತ್ತಾರೆಯೇ, ಟಂಗ್‌ಮಾರ್ಗ್‌ನಲ್ಲಿ ಗಾಡಿ ಬದಲಿಸಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ವಿಮಾನ ಬೇಡವೆನ್ನುವವರಿಗೆ 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್ ರೈಲೂ ಇದೆ. ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿದು ದೆಹಲಿ, ಅಲ್ಲಿಂದ ಕಟ್ರಾ ಎಂದು ಹೋಗಬಹುದು. ಮಕ್ಕಳಿಗೆ ಚಿನಾಬ್ ಸೇತುವೆ ನೋಡಿದಂತಾಗುತ್ತದೆ, ದಿನಗಳು ಮಾತ್ರ ಖರ್ಚಾಗುತ್ತವೆ.

ನವನಗರದ ವೈದ್ಯೆ (ಬಾಗಲಕೋಟೆ) ಬರೆದದ್ದು:

ಶ್ರೀನಗರದ ರಾತ್ರಿಗಳನ್ನು ಕಡಿಮೆ ಮಾಡಿ ಎಂಬ ಸುಬೇದಾರರ ಮಾತನ್ನು ನಾನು ಒಪ್ಪುವುದಿಲ್ಲ. ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ, ಶ್ರೀನಗರ ಸುಮಾರು 1,600 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ, ಗುಲ್ಮಾರ್ಗ್ ಆ ಗೆರೆಯ ಮೇಲಿದೆ. ನಡುವೆ ಎರಡು ರಾತ್ರಿ ಶ್ರೀನಗರದಲ್ಲಿ ಕಳೆದು ಹೋದರೆ ದೇಹ ಹೊಂದಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಕಂಡರೆ ಅವು ಕಡಿಮೆಯಾಗುವವರೆಗೆ ಇನ್ನೂ ಮೇಲೆ ಹೋಗಬಾರದು, ಹೆಚ್ಚಾದರೆ ಕೆಳಗಿಳಿಯಬೇಕು. 3,950 ಮೀಟರಿನಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಸುಮಾರು ಮೂರನೆಯ ಎರಡು ಭಾಗಕ್ಕಿಂತಲೂ ಕಡಿಮೆ. ಅವ್ವನವರು ಮೊದಲ ಹಂತದವರೆಗೆ ಹೋದರೆ ಸಾಕು, ಅದೂ ಊರಿನಲ್ಲಿಯೇ ರಕ್ತದೊತ್ತಡ, ಹೃದಯ ತೋರಿಸಿಕೊಂಡು, ತಮ್ಮ ವೈದ್ಯರ ಒಪ್ಪಿಗೆ ಪಡೆದು. ಯಾರೋ ಹೇಳಿದರೆಂದು ಎತ್ತರದ ಮಾತ್ರೆಯನ್ನು ತಾವಾಗಿ ನುಂಗಬಾರದು.

ಬಟ್ಟೆಯ ವಿಷಯದಲ್ಲಿ ಕೌದಿಯನ್ನು ನೆನಪಿಸಿಕೊಳ್ಳಿ. ಹಳೆಯ ಸೀರೆಗಳ ಪದರುಗಳ ನಡುವೆ ನಿಂತ ಗಾಳಿಯೇ ಕೌದಿಯ ಬೆಚ್ಚಗೆ. ಮೈಮೇಲೆ ಒಂದೇ ದಪ್ಪ ಕೋಟಿಗಿಂತ ತೆಳುವಾದ ಮೂರು ಪದರು ಮೇಲು. ಒಂದೇ ವ್ಯತ್ಯಾಸವೆಂದರೆ ಕೌದಿ ಹತ್ತಿಯದು, ಸ್ಕೀಯಿಂಗ್‌ಗೆ ಮೈಗೆ ತಾಗುವ ಪದರು ಹತ್ತಿಯದಾಗಿರಬಾರದು. ಹತ್ತಿಯ ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈಯನ್ನು ತಣ್ಣಗಾಗಿಸುತ್ತದೆ. ಉಣ್ಣೆಯದೋ ಸಿಂಥೆಟಿಕ್ಕಿನದೋ ಇರಲಿ. ಹೊರಗಿನ ಜಾಕೆಟ್, ಪ್ಯಾಂಟು, ಸ್ಕೀ, ಬೂಟು, ಹೆಲ್ಮೆಟ್ ಎಲ್ಲವೂ ಅಲ್ಲಿ ಬಾಡಿಗೆಗೆ ಸಿಗುತ್ತವೆ. ಕೈಗವಸು ಮತ್ತು ಕಾಲುಚೀಲವನ್ನು ಸ್ವಂತದ್ದೇ ಕೊಳ್ಳಿ, ಕಾರಣ ಹೇಳಬೇಕಾಗಿಲ್ಲ.

ನಮ್ಮ ಬಿಸಿಲು ಉಂಡವರಿಗೆ ಅಲ್ಲಿಯ ಬಿಸಿಲು ಏನು ಮಾಡೀತು ಎನ್ನುವವರಿದ್ದಾರೆ. ಪ್ರತಿ ಸಾವಿರ ಮೀಟರಿಗೆ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರ ಶೇ 80ರವರೆಗೆ ಮರಳಿ ಮುಖಕ್ಕೆ ಎರಚುತ್ತದೆ. ಕನ್ನಡಕವಿಲ್ಲದೆ ದಿನವಿಡೀ ಕಳೆದರೆ ಸಂಜೆಗೆ ಕಣ್ಣಲ್ಲಿ ಮರಳು ತುಂಬಿದ ಹಾಗೆ ಉರಿಯುತ್ತದೆ. ಇನ್ನೊಂದು ಮಾತು ಮುಖ್ಯ: ರಾತ್ರಿ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕಾಂಗ್ಡಿಯನ್ನಾಗಲಿ (ಕಾಶ್ಮೀರಿಗಳ ಕೆಂಡದ ಕುಡಿಕೆ) ಗ್ಯಾಸ್ ಹೀಟರನ್ನಾಗಲಿ ಉರಿಯಲು ಬಿಟ್ಟು ಮಲಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ. ಪ್ರವಾಸದ ವಿಮೆ ಮಾಡಿಸುವುದಾದರೆ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿದ್ದಾರೆಯೇ ಎಂದು ಓದಿ ನೋಡಿ. ಸ್ಕೀಯಿಂಗ್‌ನಲ್ಲಿ ಹೆಚ್ಚು ಪೆಟ್ಟಾಗುವುದು ಮೊಣಕಾಲಿಗೆ, ಅದರ ಶಸ್ತ್ರಚಿಕಿತ್ಸೆ ಅಗ್ಗದ್ದಲ್ಲ.

ಕುಂದಾನಗರಿ (ಬೆಳಗಾವಿ) ಮತ್ತೆ ಬರೆದದ್ದು:

ಮೂವರಿಗೂ ಅನಂತ ಧನ್ಯವಾದಗಳು. ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಇದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಏಜೆಂಟರ ಪ್ಯಾಕೇಜ್ ಬಿಟ್ಟಿದ್ದೇವೆ. ಫೆಬ್ರವರಿಯ ಮೊದಲ ವಾರ ಹೊರಟು ಶ್ರೀನಗರದಲ್ಲಿ ಎರಡು ರಾತ್ರಿ, ಗುಲ್ಮಾರ್ಗ್‌ನಲ್ಲಿ ಆರು ರಾತ್ರಿ ಉಳಿಯುತ್ತೇವೆ. ಮಕ್ಕಳ ಶಾಲೆಗೆ ರಜೆಯ ಅರ್ಜಿ ಬರೆಯಬೇಕು. ತಮ್ಮ ಮುಖ ಊದಿಸಿಕೊಂಡೇ ಒಪ್ಪಿದ್ದಾನೆ. ‘ನಾ ಮೊದಲನೇ ಹಂತಕ್ಕ ಹೋಗಿ ಕಹವಾ ಕುಡದು ಬರತೀನಿ, ನೀವು ಬೀಳೂದು ನೋಡತೀನಿ’ ಎಂದು ಅವ್ವ ಹೇಳಿದ್ದಾಳೆ. ಉಳಿದಿರುವ ಪ್ರಶ್ನೆ ಒಂದೇ: ಈಗಿನಿಂದ ಮೈ ಹುರಿಗೊಳಿಸಲು ಏನು ಮಾಡಬೇಕು? ಒಂಬತ್ತು ವರ್ಷದವಳಿಗೆ ಬೇರೆ ತಯಾರಿ ಬೇಕೇ?

ನಿವೃತ್ತ ಸುಬೇದಾರ (ಸವದತ್ತಿ) ಬರೆದದ್ದು:

ಡಾಕ್ಟರ್ ಅಕ್ಕಾವರ ಮಾತು ಸರಿ, ಎರಡು ರಾತ್ರಿ ಶ್ರೀನಗರದಲ್ಲಿಯೇ ಇರಿ. ನಮ್ಮನ್ನು ಹಂತ ಹಂತವಾಗಿಯೇ ಮೇಲೆ ಒಯ್ಯುತ್ತಿದ್ದರು, ಅದನ್ನು ನಾನು ಮರೆತಿದ್ದೆ.

ತೊಡೆಗೆ ಬಲ ಬರಬೇಕು. ವಾರಕ್ಕೆ ಮೂರು ದಿನ ಗೋಡೆಗೆ ಬೆನ್ನು ಆನಿಸಿ, ಕುರ್ಚಿಯಿಲ್ಲದೆ ಕುರ್ಚಿಯಲ್ಲಿ ಕುಳಿತ ಹಾಗೆ ಒಂದು ನಿಮಿಷ ಕೂಡಿರಿ, ನಾಲ್ಕು ಸಲ. ರವಿವಾರ ರಾಜಹಂಸಗಡಕ್ಕೆ ನಡೆದು ಹತ್ತಿ, ನಡೆದೇ ಇಳಿಯಿರಿ. ಏರುವುದು ಉಸಿರಿಗೆ, ಇಳಿಯುವುದು ಮೊಣಕಾಲಿಗೆ, ಸ್ಕೀಯಿಂಗ್‌ನಲ್ಲಿ ಕೆಲಸಕ್ಕೆ ಬರುವುದು ಹೆಚ್ಚಾಗಿ ಎರಡನೆಯದು. ಒಂಬತ್ತು ವರ್ಷದವಳ ಚಿಂತೆ ನಿಮಗೆ ಬೇಡ. ಅವಳಿಗೆ ಹೆಲ್ಮೆಟ್ ಸರಿಯಾಗಿ ಕೂಡುತ್ತದೆಯೇ ನೋಡಿ, ಗದ್ದದ ಮಟ್ಟಕ್ಕಿಂತ ಉದ್ದದ ಸ್ಕೀ ಕೊಡಿಸಬೇಡಿ, ಮೊದಲ ಎರಡು ದಿನ ಕೈಗೆ ಕೋಲು ಕೊಡಬೇಡಿ. ಮೂರನೆಯ ದಿನ ಅವಳು ನಿಮ್ಮೆಲ್ಲರಿಗಿಂತ ಮುಂದಿರುತ್ತಾಳೆ, ತಮ್ಮನವರಿಗೆ ಈಗಲೇ ಹೇಳಿಡಿ.