ಹಳೇ ಕುರ್ಚಿ ತಗೊಳ್ಳೋಣ ಅಂತಿದ್ದೇವೆ: ಊಟದ ಮೇಜಿಗೆ ನಾಲ್ಕು, ಅಪ್ಪನಿಗೆ ಒಂದು

ಸರಸ್ವತಿಪುರಂ_ಮನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಒಂದು ಹಳೇ ಮನೆ ತಗೊಂಡಿದ್ದೇವೆ. ರೆಡ್ ಆಕ್ಸೈಡ್ ನೆಲ, ಉದ್ದನೆಯ ಕಿಟಕಿ, ಮುಂದೆ ಸಣ್ಣ ಜಗಲಿ. ಷೋರೂಂ ಕುರ್ಚಿ ಈ ಮನೆಗೆ ಹೊಂದುವುದಿಲ್ಲ ಅಂತ ನನಗೂ ನಮ್ಮ ಯಜಮಾನರಿಗೂ ಅನ್ನಿಸಿದೆ. ಹಳೇ ಮರದ ಕುರ್ಚಿಗಳನ್ನೇ ಹುಡುಕುತ್ತಿದ್ದೇವೆ.

ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ನಾಲ್ಕು ಊಟದ ಕುರ್ಚಿ ನೋಡಿದೆವು. ಬೆತ್ತದ ಸೀಟು, ಕಪ್ಪು ಪಾಲಿಶ್, ಒರಗುವ ಕಡೆ ಸಣ್ಣ ಹೂವಿನ ಕೆತ್ತನೆ. ಅಂಗಡಿಯವರು "ಪಕ್ಕಾ ಬೀಟೆ, ಬ್ರಿಟಿಷರ ಕಾಲದ್ದು, ನೂರೈವತ್ತು ವರ್ಷ ಆಗಿದೆ" ಅನ್ನುತ್ತಾರೆ. ನಾಲ್ಕಕ್ಕೂ ಸೇರಿ 48 ಸಾವಿರ ಕೇಳುತ್ತಿದ್ದಾರೆ. ಅಲ್ಲೇ ಕೈ ಉದ್ದ ಇರುವ ಒಂದು ಆರಾಮ ಕುರ್ಚಿಯೂ ಇದೆ, ತೋಟದ ಬಂಗಲೆಗಳಲ್ಲಿ ಇರುತ್ತಲ್ಲ, ಅಂಥದ್ದು. ಅದನ್ನು ಅಪ್ಪನಿಗೆ ಜಗಲಿಯಲ್ಲಿ ಹಾಕೋಣ ಅಂತ ನನ್ನ ಆಸೆ. ಅಪ್ಪನಿಗೆ 76 ವರ್ಷ, ಎರಡೂ ಮಂಡಿ ನೋವು.

ಇದರ ಜೊತೆಗೆ ಇನ್‌ಸ್ಟಾಗ್ರಾಂನಲ್ಲಿ "ಒರಿಜಿನಲ್ ಚಂಡೀಗಢ ಕುರ್ಚಿ" ಅಂತ ದಿನಾ ಕಣ್ಣಿಗೆ ಬೀಳುತ್ತಿದೆ. ಅದನ್ನು ನಂಬಬಹುದಾ? ಹಳೇದು ಯಾವುದು, ಹಳೇದರಂತೆ ಮಾಡಿದ್ದು ಯಾವುದು ಅಂತ ನಮ್ಮಂಥವರು ಹೇಗೆ ಗುರುತಿಸುವುದು? ತಿಳಿದವರು ದಯವಿಟ್ಟು ಹೇಳಿ. ಫೋಟೊ ಹಾಕಿದ್ದೇನೆ.

ಬೆತ್ತದ_ಕೆಲಸ (ಬೆಂಗಳೂರು)

ಮೇಡಂ, ನಮ್ಮ ತಂದೆಯವರ ಕಾಲದಿಂದ ನಮ್ಮದು ಕುರ್ಚಿ ರಿಪೇರಿ ಕೆಲಸ. ಬೆತ್ತ ಹೆಣೆಯುವುದು, ಅಲುಗಾಡುವ ಕಾಲು ಕೂರಿಸುವುದು, ಪಾಲಿಶ್ ಮಾಡುವುದು. ನಿಮ್ಮ ಫೋಟೊ ಎಲ್ಲಾ ಮುಂದಿನಿಂದ ತೆಗೆದದ್ದು. ಮುಂದಿನಿಂದ ಚೆನ್ನಾಗಿಯೇ ಕಾಣುತ್ತಿವೆ. ಆದರೆ ಕುರ್ಚಿಯ ವಯಸ್ಸು ತಿಳಿಯುವುದು ಅದರ ಹೊಟ್ಟೆಯ ಕಡೆಯಿಂದ. ಮತ್ತೆ ಹೋದಾಗ ಒಂದೊಂದನ್ನೂ ತಲೆಕೆಳಗು ಮಾಡಿ, ಮೊಬೈಲ್ ಟಾರ್ಚ್ ಹಾಕಿ ನೋಡಿ. ಮುಟ್ಟಬೇಡಿ ಅಂದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಮೊದಲು ಸ್ಕ್ರೂ ನೋಡಿ. ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ಅದೂ ಅಮೆರಿಕದಲ್ಲಿ. ನೂರೈವತ್ತು ವರ್ಷದ ಕುರ್ಚಿಯಲ್ಲಿ ಅದಕ್ಕೇನು ಕೆಲಸ? ರಿಪೇರಿಗೆ ಒಂದೆರಡು ಹಾಕಿರಬಹುದು, ಅದು ಸಹಜ. ನಾಲ್ಕೂ ಕುರ್ಚಿಯಲ್ಲಿ ಅದೇ ಜಾಗಕ್ಕೆ ಅದೇ ಸ್ಕ್ರೂ ಇದ್ದು, ಪಕ್ಕದಲ್ಲಿ ಹಳೇ ತೂತಿನ ಗುರುತೂ ಇಲ್ಲ ಅಂದರೆ ಅದು ಮೊನ್ನೆ ಮೊನ್ನೆ ಮಾಡಿದ ಕುರ್ಚಿ.

ಆಮೇಲೆ ಮರ. ಸೀಟಿನ ಚೌಕಟ್ಟಿನ ಒಳಮೈಗೆ ಸಾಮಾನ್ಯವಾಗಿ ಯಾರೂ ಪಾಲಿಶ್ ಹೊಡೆಯುವುದಿಲ್ಲ. ಅಲ್ಲಿ ನೋಡಿ. ಬೀಟೆ ಆದರೆ ನೇರಳೆ ಕಂದು ಬಣ್ಣ, ಮಧ್ಯೆ ಕಪ್ಪು ಗೆರೆ. ಎತ್ತಿದರೆ ಕೈಗೆ ಭಾರ ಗೊತ್ತಾಗುತ್ತದೆ. ತೇಗ ಆದರೆ ಹೊಂಬಣ್ಣ, ಮುಟ್ಟಿದರೆ ಸ್ವಲ್ಪ ಎಣ್ಣೆ ಎಣ್ಣೆ. ಉಗುರಿನಿಂದ ಕೆರೆದಾಗ ಕಪ್ಪು ಕಿತ್ತುಬಂದು ಒಳಗೆ ಬಿಳಿಚಿಕೊಂಡರೆ ಯಾವುದೋ ಮರಕ್ಕೆ ಬಣ್ಣ ಕೊಟ್ಟಿದ್ದಾರೆ ಅಂತ ಅರ್ಥ. ತೇಗದ ಕುರ್ಚಿ ಏನೂ ಕಡಿಮೆಯಲ್ಲ, ನಮ್ಮ ಕಡೆಯ ಒಳ್ಳೊಳ್ಳೆ ಹಳೇ ಕುರ್ಚಿಗಳು ಎಷ್ಟೋ ತೇಗದವೇ. ಆದರೆ ತೇಗಕ್ಕೆ ಬೀಟೆಯ ದುಡ್ಡು ಕೊಡಬಾರದು, ಅಷ್ಟೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದು. ಅಲುಗಾಡುವ ಕುರ್ಚಿಗೆ ಹೆದರಬೇಡಿ. ಕೆಟ್ಟ ರಿಪೇರಿ ಆದ ಕುರ್ಚಿಗೆ ಹೆದರಿ. ಹಿಂದೆ ಜಾಯಿಂಟಿಗೆ ಮರವಜ್ರ ಹಾಕುತ್ತಿದ್ದರು, ಪ್ರಾಣಿಗಳ ಚರ್ಮ ಮೂಳೆ ಬೇಯಿಸಿ ಮಾಡುವ ಅಂಟು. ಅದಕ್ಕೆ ಬಿಸಿನೀರು, ಹಬೆ ತಾಗಿಸಿದರೆ ಬಿಟ್ಟುಕೊಳ್ಳುತ್ತದೆ. ಇಡೀ ಕುರ್ಚಿಯನ್ನು ಬಿಡಿ ಬಿಡಿ ಮಾಡಿ, ಹಳೇ ಅಂಟು ತೊಳೆದು, ಹೊಸದಾಗಿ ಅಂಟಿಸಿ ಕ್ಲ್ಯಾಂಪ್ ಹಾಕಿ ಇಟ್ಟರೆ ಇನ್ನೊಂದು ತಲೆಮಾರು ಬಾಳುತ್ತದೆ. ಹೀಗೆ ಬಿಚ್ಚಿ ಕಟ್ಟಲಿ ಅಂತಲೇ ಅದನ್ನು ಮಾಡಿದ್ದು. ಆದರೆ ಯಾರೋ ಜಾಯಿಂಟಿಗೆ ಅಡ್ಡ ಮೊಳೆ ಹೊಡೆದಿರುತ್ತಾರೆ. ಕಬ್ಬಿಣದ ಎಲ್ ಪಟ್ಟಿ ಬಿಗಿದಿರುತ್ತಾರೆ. ಸಂದಿಗೆ ಎಂ-ಸೀಲ್ ತುಂಬಿ ಮೇಲೆ ಕಪ್ಪು ಪಾಲಿಶ್ ಎಳೆದಿರುತ್ತಾರೆ. ಅದು ಅಂಗಡಿಯಲ್ಲಿ ಗಟ್ಟಿಯಾಗಿಯೇ ನಿಂತಿರುತ್ತದೆ. ಮನೆಗೆ ಬಂದು ಒಂದು ಬೇಸಿಗೆ ಕಳೆದ ಮೇಲೆ ಮೊಳೆಯ ಸುತ್ತ ಮರವೇ ಸೀಳುತ್ತದೆ. ಸೀಳಿದ ಮೇಲೆ ನಮ್ಮಂಥವರ ಹತ್ತಿರ ತಂದರೂ ಆ ಭಾಗವನ್ನೇ ಹೊಸದಾಗಿ ಮಾಡಬೇಕು. ಆದ್ದರಿಂದ ಒರಗುವ ಕಡೆಯನ್ನೂ ಎದುರಿನ ಕಾಲನ್ನೂ ಹಿಡಿದು ಓರೆಯಾಗಿ ಅಲ್ಲಾಡಿಸಿ. ಕಿರ್ ಅಂದರೆ ಅನ್ನಲಿ. ಜಾಯಿಂಟಿನ ಸುತ್ತ ಪಾಲಿಶ್ ದಪ್ಪವಾಗಿ ಕೂತಿದೆಯಾ, ಮೊಳೆ ತಲೆ ಮುಚ್ಚಿದ ಚುಕ್ಕೆ ಇದೆಯಾ ಅಂತ ಬೆರಳಾಡಿಸಿ ನೋಡಿ.

ಕಾಲಿನ ತುದಿ ನೋಡುವುದನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸಿ ಒರೆಸಿ ಕಾಲು ನೀರು ಕುಡಿದು ಕೊಳೆಯುತ್ತದೆ. ಆಗ ಒಂದಿಂಚು ಎರಡಿಂಚು ಕೊಯ್ದುಬಿಡುತ್ತಾರೆ. ಹಳೇ ತುದಿ ಸವೆದು ದುಂಡಗೆ, ಕಪ್ಪಗೆ ಇರುತ್ತದೆ. ಕೊಯ್ದದ್ದು ಚೂಪಾದ ಅಂಚು, ತಿಳಿ ಬಣ್ಣ. ಟೇಪ್ ತಗೊಂಡು ಹೋಗಿ. ಊಟದ ಮೇಜು 29, 30 ಇಂಚು ಇದ್ದರೆ ಸೀಟು 17, 18 ಇಂಚು ಇರಬೇಕು. 15 ಇಂಚಿನ ಕುರ್ಚಿಯಲ್ಲಿ ಕೂತರೆ ತಟ್ಟೆ ಎದೆ ಮಟ್ಟಕ್ಕೆ ಬರುತ್ತದೆ.

ಕುಟ್ಟೆ ವಿಷಯ. ಗುಂಡುಸೂಜಿ ತಲೆಯಷ್ಟು ಸಣ್ಣ ತೂತುಗಳಿದ್ದ ಮಾತ್ರಕ್ಕೆ ಬಿಡಬೇಕಾಗಿಲ್ಲ, ಹುಳು ಎಂದೋ ಹೋಗಿರಬಹುದು. ಕೆಳಗೆ ಕಪ್ಪು ಕಾಗದ ಹಾಸಿ ಕಾಲನ್ನು ಮೆಲ್ಲಗೆ ತಟ್ಟಿ. ಗೋಧಿ ಹಿಟ್ಟಿನಂತೆ ನುಣ್ಣಗೆ ಪುಡಿ ಉದುರಿದರೆ ಹುಳು ಇನ್ನೂ ಒಳಗಿರುವ ಅನುಮಾನ. ಬೀಟೆ, ತೇಗದ ಕೆಚ್ಚು ಭಾಗಕ್ಕೆ, ಅಂದರೆ ನಡುವಿನ ಗಟ್ಟಿ ಮರಕ್ಕೆ, ಈ ಹುಳು ಸಾಮಾನ್ಯವಾಗಿ ಬರುವುದಿಲ್ಲ, ತೊಗಟೆ ಕಡೆಯ ಬಿಳಿ ಭಾಗ ಸೇರಿಸಿದ್ದರೆ ಅಲ್ಲಿಂದ ಶುರುವಾಗುತ್ತದೆ.

ಮೂಡಿಗೆರೆ_ತೋಟ

ಆರಾಮ ಕುರ್ಚಿ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ನಮ್ಮ ತೋಟದ ಮನೆಯ ಜಗಲಿಯಲ್ಲಿ ಇಂಥವು ಎರಡಿವೆ, ಅಜ್ಜನ ಕಾಲದವು. ಪ್ಲಾಂಟರ್ಸ್ ಚೇರ್ ಅನ್ನುತ್ತಾರೆ. ಕೈಗಳ ಕೆಳಗೆ ಇನ್ನೊಂದು ಪಟ್ಟಿ ಮಡಿಸಿಕೊಂಡಿರುತ್ತದೆ, ತಿರುಗಿಸಿದರೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಅದರ ಮೇಲೆ ಕಾಲು ಚಾಚಿ ಮಲಗಿದಂತೆ ಕೂರುವುದು. ತೋಟ ಸುತ್ತಿ ಬಂದವರಿಗೆ ಅದರಂಥ ಸುಖ ಇನ್ನೊಂದಿಲ್ಲ.

ಆದರೆ ಮಂಡಿ ನೋವಿರುವ ಹಿರಿಯರಿಗೆ ಖಂಡಿತ ಬೇಡ. ಸೀಟು ಹಿಂದಕ್ಕೆ ಇಳಿಜಾರು, ಕೂತರೆ ಸೊಂಟ ಮಂಡಿಗಿಂತ ಕೆಳಗೆ ಹೋಗುತ್ತದೆ. ಕೈಗಳೂ ಇಳಿಜಾರಾಗಿಯೇ ಇರುವುದರಿಂದ ಊರಿ ಏಳಲು ಆಗುವುದಿಲ್ಲ. ನಮ್ಮ ದೊಡ್ಡಪ್ಪ ಅದರಲ್ಲಿ ಕೂತರೆ ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ಕೊನೆಗೆ ಅವರಿಗೆ ನೆಟ್ಟಗೆ ಒರಗುವ, ಗಟ್ಟಿ ಕೈ ಇರುವ ಕುರ್ಚಿ ಹಾಕಿದೆವು. ಕೈಯ ತುದಿ ಸೀಟಿನ ಮುಂದಿನ ಅಂಚಿನವರೆಗೂ ಬರಬೇಕು. ಅದನ್ನು ಹಿಡಿದೇ ಅಲ್ವಾ ಏಳುವುದು? ಅಪ್ಪಾಜಿಯನ್ನು ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿ, ಅವರೇ ಎದ್ದು ತೋರಿಸಲಿ.

ನಕ್ಷೆ_ಮನೆ (ಹುಬ್ಬಳ್ಳಿ)

ಚಂಡೀಗಢ ಕುರ್ಚಿ ಪ್ರಶ್ನೆಗೆ. ನಾನು ಆರ್ಕಿಟೆಕ್ಟ್, ಆ ಕುರ್ಚಿಗಳೆಂದರೆ ನನಗೆ ತುಂಬಾ ಪ್ರೀತಿ. ಫ್ರಾನ್ಸಿನ ಹೆಸರಾಂತ ಆರ್ಕಿಟೆಕ್ಟ್ ಲೆ ಕಾರ್ಬೂಸಿಯೇ ಚಂಡೀಗಢ ಕಟ್ಟಲು 1951ರಲ್ಲಿ ಬಂದಾಗ ಅವರ ಸಂಬಂಧಿ ಪಿಯರ್ ಜಾನ್ನರೆ ಕೂಡ ಬಂದರು. 1965ರವರೆಗೂ ಅಲ್ಲೇ ಇದ್ದರು. ಹೊಸ ಊರಿನ ಕಚೇರಿ, ಕೋರ್ಟು, ಯೂನಿವರ್ಸಿಟಿಗೆ ಬೇಕಾದ ಕುರ್ಚಿ ಮೇಜುಗಳ ವಿನ್ಯಾಸ ಬಹುಪಾಲು ಅವರ ಮತ್ತು ಅವರ ಜೊತೆಗಿದ್ದ ಭಾರತೀಯ ವಿನ್ಯಾಸಗಾರರ ಕೈಕೆಲಸ. ತೇಗ, ಬೆತ್ತ, ತಲೆಕೆಳಗಾದ ವಿ ಆಕಾರದ ಕಾಲು. ಅಲ್ಲಿನ ಬಡಗಿಗಳೇ ಮಾಡಿದ್ದು. ಹಾಗಾಗಿ ಒಂದರಂತೆ ಇನ್ನೊಂದು ಅಚ್ಚುಕಟ್ಟಾಗಿ ಇರುವುದಿಲ್ಲ, ಆ ವ್ಯತ್ಯಾಸವೇ ಅದರ ಚೆಂದ.

ಹಳತಾದ ಮೇಲೆ ಕಚೇರಿಗಳು ಅವನ್ನು ಗುಜರಿ ಬೆಲೆಗೆ ಹರಾಜು ಹಾಕಿದವು. ಅವೇ ಯುರೋಪಿನ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋದವು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಇವುಗಳ ಮಾರಾಟಕ್ಕೇ ತಡೆ ಹಾಕಿತು. ಹಿಂಬದಿಯಲ್ಲಿ ಬಿಳಿ ಬಣ್ಣದಲ್ಲಿ ಇಲಾಖೆಯ ಅಕ್ಷರ ಬರೆದಿದೆ, ಆದ್ದರಿಂದ ಒರಿಜಿನಲ್ ಅಂತ ಮಾರುವವರು ಅನ್ನುತ್ತಾರೆ. ಅಕ್ಷರ ಬರೆಯುವುದು ಏನು ಮಹಾ, ನಕಲಿಗೂ ಬರೆಯುತ್ತಾರೆ. ಇನ್‌ಸ್ಟಾಗ್ರಾಂನಲ್ಲಿ ಬರುವುದನ್ನು ಹೊಸ ಕುರ್ಚಿ ಅಂತಲೇ ಲೆಕ್ಕ ಹಾಕಿ. ಒಳ್ಳೇ ತೇಗದಲ್ಲಿ ಮಾಡಿದ್ದರೆ ಹೊಸ ಕುರ್ಚಿಯ ಬೆಲೆಗೆ ತಗೊಳ್ಳಿ, ತಪ್ಪಿಲ್ಲ.

ನಿಮ್ಮ ಬಜೆಟ್ಟಿಗೆ ನನ್ನ ಸಲಹೆ ಬೇರೆ. ಬಗ್ಗಿಸಿದ ಮರದ ಕುರ್ಚಿ ನೋಡಿ, ಮುಂಬಯಿಯ ಇರಾನಿ ಹೋಟೆಲ್‌ಗಳಲ್ಲಿ ಇರುವಂಥದ್ದು. ಮೈಕೆಲ್ ಥೋನೆಟ್ ಅವರ ಕಂಪನಿ ವಿಯೆನ್ನಾದಲ್ಲಿ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಯೇ ಇವಕ್ಕೆಲ್ಲ ಮೂಲ. ಬೀಚ್ ಅನ್ನುವ ಯುರೋಪಿನ ಮರದ ಕೋಲನ್ನು ಹಬೆಯಲ್ಲಿ ಬೇಯಿಸಿ, ಕಬ್ಬಿಣದ ಅಚ್ಚಿಗೆ ಬಗ್ಗಿಸಿ ಒಣಗಿಸುವುದು. ಇಡೀ ಕುರ್ಚಿ ಆರೇ ತುಂಡು, ಹತ್ತು ಸ್ಕ್ರೂ, ಎರಡು ನಟ್. ಬಿಡಿ ಭಾಗಗಳಾಗಿ ಕಟ್ಟಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಹಾಗಾಗಿಯೇ ಹಡಗು ಹತ್ತಿ ದೇಶ ದೇಶಕ್ಕೆ ಹೋದವು. ಪೇಟೆಂಟ್ 1869ರಲ್ಲಿ ಮುಗಿದ ಮೇಲೆ ಕೋನ್ ಮುಂತಾದ ಕಂಪನಿಗಳೂ ಮಾಡತೊಡಗಿದವು. ಸೀಟಿನ ಬಳೆಯ ಒಳಮೈಯಲ್ಲಿ ಮುದ್ರೆಯೋ ಹರಿದ ಕಾಗದದ ಲೇಬಲ್ಲೋ ಇರುತ್ತದೆ, ಹುಡುಕಿ. ಇವು ಹಗುರ. ಕೈ ಇರುವ ಮಾದರಿಯೂ ಸಿಗುತ್ತದೆ, ಅಪ್ಪನವರಿಗೆ ಆಗಬಹುದು. ಒಂದೇ ಎಚ್ಚರಿಕೆ, ಬೀಚ್ ಮರ ಗೆದ್ದಲಿಗೆ ತಡೆಯುವುದಿಲ್ಲ. ಮಳೆ ಬೀಳುವ ಜಗಲಿಯಲ್ಲಿ ಇಡಬೇಡಿ.

ದೂರದ_ಊರು (ಸಿಂಗಪುರ)

ನಡುವೆ ಒಂದು ಪ್ರಶ್ನೆ, ಕ್ಷಮಿಸಿ. ಊರಿನ ಮನೆಯಲ್ಲಿ ಅಜ್ಜಿಯ ಬೀಟೆ ಕುರ್ಚಿ ಇದೆ. ಇಲ್ಲಿಗೆ ತರಿಸಿಕೊಳ್ಳಬಹುದಾ?

ನಕ್ಷೆ_ಮನೆ (ಹುಬ್ಬಳ್ಳಿ)

ಸುಮ್ನೆ ಲಗೇಜಿಗೆ ಹಾಕಿ ಕಳಿಸಬೇಡಿ ಸರ್. ನೂರು ವರ್ಷ ದಾಟಿದ ಕಲೆ, ಕುಸುರಿಯ ವಸ್ತು 1972ರ ಪುರಾವಸ್ತು ಕಾಯ್ದೆಯಡಿ ಬರುತ್ತದೆ, ಅಂಥದ್ದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಅಷ್ಟು ಹಳೇದಲ್ಲ ಅಂದರೂ ಬೀಟೆ ಜಾತಿಯ ಮರಗಳು 2017ರಿಂದ ಸೈಟಿಸ್ ಒಪ್ಪಂದದ (ಅಳಿವಿನ ಅಪಾಯದ ಪ್ರಾಣಿ, ಸಸ್ಯಗಳ ದೇಶ ದೇಶಗಳ ನಡುವಿನ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಪಟ್ಟಿಯಲ್ಲಿವೆ. ಪುರಾತತ್ವ ಇಲಾಖೆಯಲ್ಲೂ ಕಸ್ಟಮ್ಸ್‌ನಲ್ಲೂ ಮೊದಲೇ ವಿಚಾರಿಸಿ.

ಸರಸ್ವತಿಪುರಂ_ಮನೆ (ಮೈಸೂರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಟೇಪು, ಟಾರ್ಚು, ಅಪ್ಪ ಮೂವರನ್ನೂ ಕರೆದುಕೊಂಡು ಹೋಗಿದ್ದೆ. ಕಪ್ಪು ಪಾಲಿಶ್ ಕುರ್ಚಿಗಳನ್ನು ತಿರುಗಿಸಿದರೆ ನಾಲ್ಕರಲ್ಲೂ ಮೂಲೆ ಮೂಲೆಗೆ ಪ್ಲಸ್ ಸ್ಕ್ರೂ. ಒಳಮೈ ಕೆರೆದರೆ ಹುಲ್ಲಿನ ಬಣ್ಣದ ಮರ. ಬೇಡ ಅಂದುಬಿಟ್ಟೆವು.

ಆದರೆ ಅದೇ ಅಂಗಡಿಯ ಹಿಂದೆ, ಗೋಡೌನಿನಲ್ಲಿ ಧೂಳು ಹಿಡಿದ ಮೂರು ಕುರ್ಚಿ ಇದ್ದವು. ಬೆತ್ತ ಪೂರ್ತಿ ಹರಿದಿದೆ, ಎರಡು ಜೋರಾಗಿ ಅಲುಗಾಡುತ್ತವೆ. ತಲೆಕೆಳಗು ಮಾಡಿದಾಗ ಹೊಂಬಣ್ಣದ ಮರ ಕಂಡಿತು. ಜಾಯಿಂಟಿನ ಹತ್ತಿರ ಉಳಿಯಿಂದ ಕೊರೆದ ಗೀಟುಗಳಿವೆ, ಒಂದರಲ್ಲಿ ಎರಡು, ಇನ್ನೊಂದರಲ್ಲಿ ಮೂರು, ಮತ್ತೊಂದರಲ್ಲಿ ಐದು. ಸೀಟು 17 ಇಂಚು. ಮೂರರಲ್ಲಿ ಒಂದಕ್ಕೆ ಕೈ ಇದೆ. ಅಪ್ಪ ಅದರ ಸೀಟಿನ ಮೇಲೆ ಹಲಗೆ ಹಾಕಿಸಿಕೊಂಡು ಕೂತು, ಯಾರ ಕೈಯೂ ಹಿಡಿಯದೆ ಎದ್ದರು. ಮೂರಕ್ಕೆ 13 ಸಾವಿರ ಹೇಳಿದ್ದಾರೆ. ತಗೊಳ್ಳಬಹುದಾ? ಆ ಗೀಟುಗಳು ಏನು? ಬೆತ್ತ ಹಾಕಿಸುವಾಗ ಏನು ನೋಡಿಕೊಳ್ಳಬೇಕು?

ಬೆತ್ತದ_ಕೆಲಸ (ಬೆಂಗಳೂರು)

ಮೇಡಂ, ತಡ ಮಾಡಬೇಡಿ, ತಗೊಳ್ಳಿ. ಆ ಗೀಟು ಬಡಗಿಯ ಲೆಕ್ಕ. ಒಂದು ಸೆಟ್ ಮಾಡುವಾಗ ಯಾವ ಕುರ್ಚಿಯ ತುಂಡು ಯಾವುದಕ್ಕೆ ಅಂತ ಗೊತ್ತಾಗಲು ಹಾಕುತ್ತಿದ್ದರು. ಎರಡು, ಮೂರು, ಐದು ಇದೆ ಅಂದರೆ ಕೊನೇಪಕ್ಷ ಐದು ಕುರ್ಚಿಯ ಸೆಟ್ಟು ಅದು. ಉಳಿದವು ಎಲ್ಲಿ ಹೋದವು ಅಂತ ಅಂಗಡಿಯವರನ್ನು ಒಮ್ಮೆ ಕೇಳಿ ನೋಡಿ. ಸಿಗದಿದ್ದರೆ ನಾಲ್ಕನೆಯದಕ್ಕೆ ಬೇರೆ ಜಾತಿಯದೇ ಇರಲಿ, ಸೀಟಿನ ಎತ್ತರ ಒಂದೇ ಇದ್ದರೆ ಸಾಕು.

ಬೆತ್ತಕ್ಕೆ ಬಂದರೆ, ಸೀಟಿನ ಚೌಕಟ್ಟಿನ ಸುತ್ತ ಅರ್ಧ ಇಂಚಿಗೊಂದರಂತೆ ತೂತುಗಳಿವೆಯಾ ನೋಡಿ. ಇದ್ದರೆ ಅದು ಕೈಯಲ್ಲಿ ಹೆಣೆಯುವ ಸೀಟು. ಹಿಂದೆ ಮುಂದೆ, ಅಡ್ಡ, ಓರೆ ಅಂತ ಆರು ಸಲ ಎಳೆ ಹಾಯಿಸುತ್ತೇವೆ, ಕೊನೆಗೆ ಅಂಚಿಗೆ ಪಟ್ಟಿ ಕಟ್ಟುತ್ತೇವೆ. ಟೈಮ್ ಜಾಸ್ತಿ ಹಿಡಿಯುತ್ತದೆ, ಕೂಲಿಯೂ ಜಾಸ್ತಿ. ಅದಕ್ಕೆ ಕೆಲವರು "ರೆಡಿಮೇಡ್ ಷೀಟ್ ಹಾಕಿಬಿಡೋಣ" ಅನ್ನುತ್ತಾರೆ. ಷೀಟ್ ಕೂರಿಸಲು ಚೌಕಟ್ಟಿನಲ್ಲಿ ಸುತ್ತ ಗಾಡಿ, ಅಂದರೆ ಕಾಲುವೆಯಂಥ ಸಂದು, ಕೊರೆಯಬೇಕು, ತೂತುಗಳ ಮೇಲೇ ಕೊರೆಯುತ್ತಾರೆ. ಒಮ್ಮೆ ಕೊರೆದರೆ ಮತ್ತೆ ಕೈಯಲ್ಲಿ ಹೆಣೆಯಲು ಆಗುವುದಿಲ್ಲ, ಚೌಕಟ್ಟೂ ಸೊರಗುತ್ತದೆ. ಒಪ್ಪಬೇಡಿ. ಪ್ಲಾಸ್ಟಿಕ್ ಎಳೆಯೂ ಬೇಡ. ನಿಜವಾದ ಬೆತ್ತದಲ್ಲಿ ಅಲ್ಲಲ್ಲಿ ಗೆಣ್ಣಿನ ಗುರುತು ಇರುತ್ತದೆ, ಮೇಲ್ಭಾಗ ಹೊಳಪು, ಅಡಿ ಮಂಕು.

ಕೆಲಸದ ಕ್ರಮ ಹೀಗಿರಲಿ. ಮೊದಲು ಜಾಯಿಂಟ್ ಬಿಚ್ಚಿ ಅಂಟಿಸುವುದು, ಆಮೇಲೆ ಪಾಲಿಶ್, ಕೊನೆಗೆ ಬೆತ್ತ. ಪಾಲಿಶ್ ಮಾಡುವವರಿಗೆ ಮಷೀನ್ ಹಾಕಿ ಉಜ್ಜಬೇಡಿ ಅಂತ ಮೊದಲೇ ಹೇಳಿ. ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಲಿ. ಬಣ್ಣ ಮೆತ್ತಗಾಗಿ ಹತ್ತಿಗೆ ಬಂದರೆ ಹಳೇ ಅರಗಿನ ಪಾಲಿಶ್, ಅದರ ಮೇಲೇ ಮತ್ತೆ ಅರಗು ಎಳೆದರೆ ಸಾಕು, ಕಿತ್ತು ತೆಗೆಯುವುದು ಬೇಡ.

ಮುಂದೆ ಎಂದಾದರೂ ಬೆತ್ತ ಜೋತು ಬಿದ್ದರೆ, ಎಳೆ ಕಡಿದಿಲ್ಲ ಅಂದರೆ, ಒದ್ದೆ ಬಟ್ಟೆಯಿಂದ ಅಡಿಭಾಗವನ್ನು ಚೆನ್ನಾಗಿ ಒರೆಸಿ ರಾತ್ರಿ ಹಾಗೇ ಬಿಡಿ, ಒಣಗುತ್ತಾ ಬಿಗಿಯುತ್ತದೆ. ಬಲ್ಬು ಹಾಕಲು ಅದರ ಮೇಲೆ ಹತ್ತಿ ನಿಲ್ಲುವುದು ಮಾತ್ರ ಬೇಡವೇ ಬೇಡ. ಮೈಸೂರಿನಲ್ಲೇ ಬೆತ್ತ ಹೆಣೆಯುವವರು ಸಿಗುತ್ತಾರೆ. ಅವರು ಮಾಡಿದ ಹಳೇ ಸೀಟು ಒಂದನ್ನು ತೋರಿಸಿ ಅಂತ ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ.